ಕೊಡುವ ನೂಲು, ಪಡೆಯುವ ಕೈ

(ಓದಿದ ಪಾಠಗಳು: ವಿಮೋಚನಕಾಂಡ 35:20–29, ಫಿಲಿಪ್ಪಿಯವರಿಗೆ 4:10–20)



ಮೊದಲನೆಯ ಪಾಠದಲ್ಲಿ ಒಂದು ಕಾಣಿಕೆಯ ಪಟ್ಟಿ ಕೇಳಿದಿರಿ. ದೇವದರ್ಶನದ ಗುಡಾರ ಕಟ್ಟಬೇಕು ಎಂದು ಮೋಶೆ ಹೇಳಿದ ಮೇಲೆ ಜನ ತಂತಮ್ಮ ಬಿಡಾರಗಳಿಗೆ ಹೋಗಿ, ಮನಸ್ಸು ಬಂದಷ್ಟನ್ನು ಹೊತ್ತು ತಂದರು. ಬಂಗಾರದ ಒಡವೆ ಬಂತು, ಬೆಳ್ಳಿ ಬಂತು, ತಾಮ್ರ ಬಂತು, ಕುರಿದೊಗಲು, ಮರ, ಎಣ್ಣೆ, ಸುಗಂಧದ್ರವ್ಯ ಎಲ್ಲ ಬಂತು. ಹಿರಿಯರು ರತ್ನಗಳನ್ನೇ ತಂದರು. ಆ ದೊಡ್ಡ ಪಟ್ಟಿಯ ನಡುವೆ ಎರಡು ವಚನಗಳು ಹೆಂಗಸರಿಗಾಗಿಯೇ ಇವೆ. ಕೈಕೆಲಸ ಬಲ್ಲ ಹೆಂಗಸರು ತಾವೇ ಕೂತು ನೂತು, ಬಣ್ಣಬಣ್ಣದ ನೂಲನ್ನೂ ನಾರಿನ ನೂಲನ್ನೂ ತಂದರು. ಇನ್ನು ಕೆಲವರು ಆಡಿನ ಕೂದಲನ್ನೇ ನೂತರು. ಆಡಿನ ಕೂದಲು ಮುಟ್ಟಿದವರಿಗೆ ಗೊತ್ತು, ಅದು ಬಿರುಸು, ಜಾರುತ್ತದೆ, ಬೆರಳಿಗೆ ಚುಚ್ಚುತ್ತದೆ. ಅದನ್ನು ಒಂದೇ ಸಮನೆ ಎಳೆಯಾಗಿ ತೆಗೆಯುವುದಕ್ಕೆ ಪಳಗಿದ ಕೈ ಬೇಕು.

ಅವರು ತಂದದ್ದು ನೂಲನ್ನು, ಗಮನವಿಡಿ. ಅದನ್ನು ಪರದೆಯಾಗಿ ನೇಯುವ ಕೆಲಸ ಗುಡಾರದ ಕೆಲಸದ ಮುಖ್ಯಸ್ಥರಾದ ಬೆಚಲೇಲ, ಒಹೊಲೀಯಾಬರ ಜೊತೆಗಿದ್ದ ಕುಶಲಗಾರರ ಪಾಲಿಗಿತ್ತು. ಮುಂದಿನ ಅಧ್ಯಾಯದಲ್ಲಿ ಆಡಿನ ಕೂದಲಿನ 11 ಪರದೆಗಳ ಲೆಕ್ಕವಿದೆ: ಒಂದೊಂದೂ 30 ಮೊಳ ಉದ್ದ, 4 ಮೊಳ ಅಗಲ. ಆ 11 ಪರದೆಗಳಲ್ಲಿ ಯಾವ ಎಳೆ ಯಾವ ತಾಯಿಯದು ಎಂದು ಯಾರು ಹೇಳಬಲ್ಲರು? ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ತಾವು ನೂತ ನೂಲನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಅದು ಏನಾಗುತ್ತದೋ ಆಗಲಿ ಎಂದು ಅವರು ಮನೆಗೆ ಹೋದರು. ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಇಂಥ ಕೊಡುಗೆಯ ಬಗ್ಗೆ.

ನಮ್ಮ ಗುಬ್ಬಿ ಸಭೆಯ ಹೆಂಗಸರ ಕೂಟದವರು ಈ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಒಂದು ಕೆಲಸ ಹಮ್ಮಿಕೊಂಡಿದ್ದಾರೆ. ಗುಬ್ಬಿ, ತುಮಕೂರು, ಕುಣಿಗಲ್ಲಿನಲ್ಲಿ ಹೆಣಿಗೆ ಬಲ್ಲ ಅಕ್ಕತಂಗಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಒಂದು ಪಾತ್ರೆಗೆ ಹಾಕುತ್ತಾರೆ. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಉಲ್ಲನ್ ಉಂಡೆಗಳನ್ನೂ ಜೊತೆಗೆ ಏನಾದರೊಂದು ಸಣ್ಣ ಉಡುಗೊರೆಯನ್ನೂ ಕಟ್ಟಿ ಅಂಚೆಯಲ್ಲಿ ಕಳಿಸಬೇಕು. ಪಡೆದವರು ಆ ನೂಲಿನಿಂದ ಕುಲಾವಿಯನ್ನೋ ಕಾಲುಚೀಲವನ್ನೋ ಮಫ್ಲರನ್ನೋ ಹೆಣೆದು ತರುತ್ತಾರೆ. ಅವು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರ ಕೂಸುಗಳಿಗೂ ಮಾಗಿಯ ಚಳಿಯಲ್ಲಿ ಒಬ್ಬೊಬ್ಬರೇ ಇರುವ ವಯಸ್ಸಾದವರಿಗೂ ಹೋಗುತ್ತವೆ. ಕೆಲವರು ನನ್ನನ್ನು ಕೇಳಿದರು: "ಅಯ್ಯನವರೇ, ಅಂಗಡಿಯಲ್ಲಿ ಸಿದ್ಧ ಸ್ವೆಟರ್ ತಂದು ಕೊಟ್ಟರೆ ಮುಗಿಯಲ್ಲವಾ? ಇಷ್ಟೆಲ್ಲ ಸುತ್ತು ಯಾಕೆ?" ಕೇಳಿದ್ದು ತಪ್ಪಲ್ಲ, ಅದಕ್ಕೆ ಸರಿಯಾದ ಉತ್ತರ ಕೊಡಬೇಕು. ಕೂಸಿಗೆ ಬೇಕಾದದ್ದು ಬೆಚ್ಚಗಿನ ಟೋಪಿ, ಅದು ಅಂಗಡಿಯದಾದರೂ ಆದೀತು. ಸಭೆಗೆ ಬೇಕಾದದ್ದು ಬೇರೆ. ಕುಣಿಗಲ್ಲಿನ ಒಬ್ಬ ತಾಯಿಯ ನೂಲು, ಗುಬ್ಬಿಯ ಇನ್ನೊಬ್ಬ ತಾಯಿಯ ಕೈ, ಇಬ್ಬರೂ ಮುಖ ಕಾಣದ ಮೂರನೆಯವಳ ಕೂಸು, ಈ ಮೂರೂ ಒಂದು ಕಡೆ ಸೇರಬೇಕಾದರೆ ಈ ಸುತ್ತು ಬೇಕೇ ಬೇಕು.

ಹೆಣಿಗೆ ಬಲ್ಲವರಿಗೆ ನೂಲು ಕಳಿಸುವುದು ಹೂವಿನ ಹಾರ ಕೊಟ್ಟಷ್ಟು ಸಲೀಸಲ್ಲ. ಅವರ ಕಡ್ಡಿ ಯಾವ ದಪ್ಪದ್ದು, ಕೈ ಬಿಗಿಯೋ ಸಡಿಲವೋ, ಕಣ್ಣು ಹೇಗಿದೆ ಎಂಬುದನ್ನೆಲ್ಲ ಯೋಚಿಸಬೇಕು. ಪೊರೆ ಬಂದ ಕಣ್ಣಿಗೆ ಕಪ್ಪು ಉಲ್ಲನ್ ಕಳಿಸಿದರೆ ಆ ಅಜ್ಜಿ ಒಂದೊಂದು ಕುಣಿಕೆಗೂ ಕಿಟಕಿಯ ಬಳಿ ಹೋಗಬೇಕಾಗುತ್ತದೆ. ಅವರಿಗೆ ತಿಳಿಬಣ್ಣವೇ ಆಗಬೇಕು. ಒಂದೇ ಬಣ್ಣದ ಎರಡು ಉಂಡೆ ಕೊಂಡರೂ ಲೇಬಲ್ಲಿನ ಮೇಲಿನ ಲಾಟ್ ಸಂಖ್ಯೆ ಒಂದೇ ಇದೆಯೋ ನೋಡಿಕೊಳ್ಳಿ. ಬೇರೆಯಾದರೆ ದೀಪದ ಬೆಳಕಲ್ಲಿ ತಿಳಿಯುವುದಿಲ್ಲ, ಹೆಣೆದು ಮುಗಿಸಿ ಬಿಸಿಲಿಗೆ ಹಿಡಿದಾಗ ಎದೆಯ ಮೇಲೆ ಅಡ್ಡಗೆರೆ ಎದ್ದು ಕಾಣುತ್ತದೆ. ಕಳಿಸುವವರ ಅರ್ಧ ಗಳಿಗೆಯ ಅಸಡ್ಡೆ ಪಡೆದವರ ಒಂದು ತಿಂಗಳ ಕೆಲಸವನ್ನು ಕೆಡಿಸುತ್ತದೆ. ನಾವು ಉಲ್ಲನ್ ಎಂದು ಕೊಳ್ಳುವುದರಲ್ಲಿ ಎಷ್ಟೋ ಆಕ್ರಿಲಿಕ್ಕೇ. ಅದರಲ್ಲಿ ತಪ್ಪೇನಿಲ್ಲ, ಒಗೆಯುವುದು ಸುಲಭ. ಆದರೆ ಕೂಸಿನ ಕೆನ್ನೆಗೆ ತಾಗುವ ನೂಲು ಮೆತ್ತಗಿರಬೇಕು. ಅಂಗಡಿಯಲ್ಲಿ ಬೆರಳಲ್ಲಿ ಹಿಸುಕಿ ನೋಡಿದರೆ ಸಾಲದು, ಕುತ್ತಿಗೆಗೆ ಹಚ್ಚಿ ನೋಡಿ.

ಶಾಸ್ತ್ರದಲ್ಲಿ ಇಂಥ ಯೋಚನೆ ಮಾಡಿದ ಒಬ್ಬ ತಾಯಿ ಇದ್ದಾಳೆ, ಹನ್ನಳು. ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಅವಳು ಶೀಲೋವಿನ ದೇವಾಲಯದಲ್ಲಿ ಯಾಜಕ ಏಲಿಯ ಬಳಿ ಬಿಟ್ಟು ಬಂದಳು. ಮತ್ತೆ ನೋಡುವುದು ವರ್ಷಕ್ಕೊಮ್ಮೆ, ಗಂಡನ ಜೊತೆ ಬಲಿ ಅರ್ಪಿಸಲು ಹೋದಾಗ. ಹೋಗುವಾಗ ಪ್ರತಿವರ್ಷವೂ ಒಂದು ಚಿಕ್ಕ ನಿಲುವಂಗಿ ಮಾಡಿಕೊಂಡು ಹೋಗುತ್ತಿದ್ದಳು ಎಂದು ಸಮುವೇಲನ ಮೊದಲ ಪುಸ್ತಕದ ಎರಡನೆಯ ಅಧ್ಯಾಯ ಹೇಳುತ್ತದೆ. ಹೆಣಿಗೆಯ ಅಮ್ಮಂದಿರೇ, ನೀವು ಇದನ್ನು ಓದುವ ರೀತಿ ಬೇರೆಯವರು ಓದುವ ರೀತಿಯಲ್ಲ ಎಂದು ನಾನು ಬಲ್ಲೆ. ಕಣ್ಣೆದುರಿಗಿಲ್ಲದ ಮಗುವಿನ ಅಳತೆ ಅವಳಿಗೆ ಹೇಗೆ ಸಿಕ್ಕಿತು? ಈ ವರ್ಷ ತೋಳು ಎಷ್ಟು ಬೆಳೆದಿದೆ, ಭುಜ ಎಷ್ಟು ಅಗಲವಾಗಿದೆ ಎಂದು ತನ್ನ ಊರಾದ ರಾಮದ ಮನೆಯಲ್ಲಿ ಕೂತು ಲೆಕ್ಕ ಹಾಕಬೇಕಲ್ಲ. ನೆರೆಮನೆಯ ಅದೇ ವಯಸ್ಸಿನ ಹುಡುಗನನ್ನು ಕರೆದು ಅಳತೆ ತೆಗೆದಳೋ ಏನೋ. ದೂರದಲ್ಲಿರುವವರಿಗೆ ಏನನ್ನಾದರೂ ಮಾಡಿ ಕಳಿಸುವುದೆಂದರೆ ಅಷ್ಟು ಹೊತ್ತು ಅವರನ್ನು ಕಣ್ಣ ಮುಂದೆ ಕೂರಿಸಿಕೊಳ್ಳುವುದು. ಅಂಥ ಹೊತ್ತನ್ನು ಪ್ರಾರ್ಥನೆಯೆಂದೇ ನಾನು ಎಣಿಸುತ್ತೇನೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಗುಬ್ಬಿ ಹಳೆಯ ಕಾಲದಿಂದ ದೊಡ್ಡ ಪೇಟೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತುತ್ತ ಇಲ್ಲಿಗೆ ಬಂದಾಗ ನಮ್ಮ ಸಂತೆಯ ಸರಕನ್ನು ಬರೆದಿಟ್ಟ. ಅಡಿಕೆ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣಿನ ಜೊತೆ ಅದರಲ್ಲಿ ಕಂಬಳಿಯೂ ಇದೆ. ಕಂಬಳಿ ಒಬ್ಬರ ಕೈಯಿಂದ ಆಗುವ ವಸ್ತುವಲ್ಲ. ಕುರಿ ಕಾಯುವವನು ಉಣ್ಣೆ ಕತ್ತರಿಸುತ್ತಾನೆ, ಮನೆಯ ಹೆಂಗಸರು ಅದನ್ನು ಬಿಡಿಸಿ ನೂಲುತ್ತಾರೆ, ಆ ನೂಲಿಗೆ ಹುಣಸೆಬೀಜ ಅರೆದು ಕಾಯಿಸಿದ ಗಂಜಿ ಹಚ್ಚಿ ಗಡುಸು ಮಾಡುತ್ತಾರೆ, ಮಗ್ಗದವನು ನೇಯುತ್ತಾನೆ. ಶಿರಾ, ಚಳ್ಳಕೆರೆ ಕಡೆಯ ಕುರುಬರ ಮನೆಗಳಲ್ಲಿ ಈ ವಿದ್ಯೆ ಇಂದಿಗೂ ಉಳಿದಿದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋದ ನಮ್ಮ ಅಜ್ಜಂದಿರ ಬೆನ್ನು ಕಾಯ್ದದ್ದು ಹೆಸರು ಗೊತ್ತಿಲ್ಲದ ಹೆಂಗಸರು ನೂತ ನೂಲು.

ಇಂಥ ಊರಿಗೆ 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಬಂದು ನೆಲೆ ನಿಂತರು. 1839ರಲ್ಲಿ ಅವರನ್ನು ಕೂಡಿಕೊಂಡ ಯುವಕ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದ ಬೇಗ ಹಿಂತಿರುಗಬೇಕಾಯಿತು. 1847ರಲ್ಲಿ ಆರ್ಥರ್ ಹೊರತಂದ ಮೈಸೂರು ಮಿಷನ್ನಿನ ಪುಸ್ತಕದಿಂದ ಗುಬ್ಬಿಯ ಹೆಸರು ಇಂಗ್ಲೆಂಡಿನ ಮನೆಗಳಿಗೂ ತಲುಪಿತು. ಮುಂದೆ ಮಿಷನ್ನಿನವರು ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದ ಕಡೆಯಲ್ಲೆಲ್ಲ ಓದು ಬರಹದ ಜೊತೆ ಹೊಲಿಗೆ, ಹೆಣಿಗೆಯೂ ಬಂತು. ಇಂಗ್ಲೆಂಡಿನ ಸಭೆಗಳ ಹೆಂಗಸರು ಕೂಡಿ ಕೂತು ಹೊಲಿದು, ಹೆಣೆದು, ಸೂಜಿ ದಾರ ಗೊಂಬೆಗಳನ್ನೆಲ್ಲ ಸೇರಿಸಿ ಇಂಡಿಯಾದ ಮಿಷನ್ ಶಾಲೆಗಳಿಗೆ ಪೆಟ್ಟಿಗೆ ತುಂಬಿ ಕಳಿಸುತ್ತಿದ್ದರು. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವವರೆಗೆ ಹಡಗುಗಳು ಆಫ್ರಿಕವನ್ನು ಸುತ್ತಿ, ತಿಂಗಳುಗಟ್ಟಲೆ ತೇಲಿ ಬರಬೇಕಿತ್ತು. ಆ ಹೆಂಗಸರ ಪ್ರೀತಿಗೆ ನಾನು ಕೃತಜ್ಞ. ಅವರು ಕಾಣದ ಮಕ್ಕಳಿಗಾಗಿ ಬೆರಳು ಸವೆಸಿದರು.

ಆದರೂ ಒಂದು ಮಾತು ಹೇಳಲೇಬೇಕು. ಆ ಪೆಟ್ಟಿಗೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದವು. ಕೊಡುವವರು ಎಂದಿಗೂ ಕೊಡುವವರೇ, ಪಡೆಯುವವರು ಎಂದಿಗೂ ಪಡೆಯುವವರೇ. ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ ಹೀಗೆ ತಲೆಮಾರುಗಟ್ಟಲೆ ನಡೆದರೆ ಪಡೆದವರ ತಲೆ ಬಾಗಿಯೇ ಇರುತ್ತದೆ. ತಮ್ಮ ಬಳಿ ಕೊಡಲು ಏನೂ ಇಲ್ಲವೆಂದು ಅವರು ನಂಬಿಬಿಡುತ್ತಾರೆ. ಕಂಬಳಿ ಮಾರುತ್ತಿದ್ದ ಸಂತೆಯ ಊರಿನವರಿಗೆ ಕೊಡಲು ಏನೂ ಇರಲಿಲ್ಲವೇ? ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಈಗ ನಿಮ್ಮಲ್ಲಿ ಮಿಕ್ಕಿದ್ದು ಅವರ ಕೊರತೆಗೆ ಆಗುತ್ತದೆ, ಇನ್ನೊಂದು ಕಾಲಕ್ಕೆ ಅವರಲ್ಲಿ ಮಿಕ್ಕಿದ್ದು ನಿಮ್ಮ ಕೊರತೆಗೆ ಆಗುತ್ತದೆ, ಹೀಗೆ ಸಮಾನತ್ವ ಉಂಟಾಗಬೇಕು ಎಂಬುದು ಅವನ ಮಾತಿನ ಸಾರ. ನಮ್ಮ ನೆರೆಯ ಸಿದ್ಧಗಂಗಾ ಮಠಕ್ಕೆ ದವಸ ಹೊತ್ತು ಹೋಗುವ ರೈತರನ್ನು ನೋಡಿದ್ದೀರಲ್ಲ. ಮೂಟೆ ಇಳಿಸಿದವನೂ ಬರಿಗೈಲಿ ಬಂದವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಕೊಟ್ಟೆನೆಂದು ಎದ್ದು ಹೋಗದೆ ತಾನೂ ತಟ್ಟೆ ಮುಂದೆ ಕೂರುವುದು ದೊಡ್ಡ ಗುಣ. ಅದನ್ನು ನೆರೆಯವರಲ್ಲಿ ಕಂಡು ಕಲಿಯಲು ನಮಗೆ ಸಂಕೋಚ ಬೇಡ.

ಕೊಡುವುದು ನಮಗೆ ಅಷ್ಟು ಕಷ್ಟವಲ್ಲ, ಪಡೆಯುವುದೇ ಕಷ್ಟ ಎಂದು ನನಗೆ ಅನ್ನಿಸಿದೆ. ಮನೆಮನೆ ಭೇಟಿಗೆ ಹೋದಾಗ ಇದನ್ನು ಕಾಣುತ್ತೇನೆ. ಕೊಡಿ ಎಂದರೆ ಮೊದಲು ಎದ್ದು ಬರುವ ಅಮ್ಮಂದಿರು, ತೊಗೊಳ್ಳಿ ಎಂದ ಕೂಡಲೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ನನಗ್ಯಾಕೆ ಅಯ್ಯನವರೇ ಇದೆಲ್ಲ, ಇಲ್ಲದವರಿಗೆ ಕೊಡಿ" ಎನ್ನುತ್ತಾರೆ. ಆ ಮಾತಲ್ಲಿ ಒಳ್ಳೆಯತನವಿದೆ, ಜೊತೆಗೆ ಒಂದು ಬಿಗುಮಾನವೂ ಇದೆ. ಯಾರ ಹಂಗೂ ಬೇಡ ಎಂಬ ಬಿಗುಮಾನ ಅದು. ನಮ್ಮ ಕಡೆ ಮದುವೆಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆಯುತ್ತಾರೆ. ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅಷ್ಟನ್ನೋ ಸ್ವಲ್ಪ ಮೇಲೋ ಹಾಕಿ ಬರುತ್ತಾರೆ. ಬಡವರ ಮನೆಯ ಎಷ್ಟೋ ಮದುವೆಗಳು ಆ ಮುಯ್ಯಿಯಿಂದಲೇ ದಡ ಸೇರಿವೆ, ಹಾಗಾಗಿ ನಾನು ಅದನ್ನು ಹಳಿಯುವುದಿಲ್ಲ. ರಾಗಿ ಹೊಲದ ಕಳೆಗೆ ಇವರ ಮನೆಯವರು ಅವರಲ್ಲಿಗೆ, ಅವರ ಮನೆಯವರು ಇವರಲ್ಲಿಗೆ ಮುಯ್ಯಾಳಾಗಿ ಹೋಗುವುದೂ ಸೊಗಸಾದ ಪದ್ಧತಿ. ಆದರೆ ನಮ್ಮ ಈ ನೂಲಿನ ಪಾರ್ಸೆಲ್ಲಿಗೆ ಪುಸ್ತಕ ಬೇಡ. ನೀವು ಕಳಿಸಿದ್ದು ಕುಣಿಗಲ್ಲಿಗೆ, ನಿಮಗೆ ಬರುವುದು ತುಮಕೂರಿನಿಂದ. ಯಾರಿಗೆ ಕೊಟ್ಟಿರೋ ಅವರಿಂದಲೇ ವಾಪಸು ಬಾರದ ಹಾಗೆ ಚೀಟಿ ಹಾಕಿರಿ ಎಂದು ನಾನೇ ಕೂಟದವರಿಗೆ ಹೇಳಿದೆ. ಎಷ್ಟು ಕೊಟ್ಟೆ, ಎಷ್ಟು ಬಂತು ಎಂದು ತೂಗಲು ಆಗಬಾರದು ಎಂಬುದೇ ನನ್ನ ಆಸೆ.

ಎರಡನೆಯ ಪಾಠದ ಪೌಲನನ್ನು ನೋಡಿ. ಅವನು ಸ್ವಂತ ಕೈಯಿಂದ ದುಡಿದು ಉಂಡವನು. ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಜೊತೆ ಗುಡಾರದ ಕೆಲಸ ಮಾಡಿದ, ಆ ಊರಿನವರಿಂದ ತನ್ನ ಹೊಟ್ಟೆಪಾಡಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ, ಅದನ್ನು ಹೆಮ್ಮೆಯಿಂದ ಹೇಳಿಯೂ ಕೊಂಡ. ಇಂಥ ಗಟ್ಟಿ ಮನುಷ್ಯ ಫಿಲಿಪ್ಪಿಯವರ ಮುಂದೆ ಮಾತ್ರ ಕೈ ಚಾಚಿದ. ಅವನು ಥೆಸಲೋನಿಕದಲ್ಲಿದ್ದಾಗಲೂ ಅವರು ಮತ್ತೆ ಮತ್ತೆ ಕಳಿಸಿದ್ದರು. ಸೆರೆಯಲ್ಲಿದ್ದಾಗ ಎಪಫ್ರೊದೀತನ ಕೈಯಲ್ಲಿ ಕೊಟ್ಟು ಕಳಿಸಿದರು. ಆ ಪಾರ್ಸೆಲ್ಲನ್ನು ತಲುಪಿಸಲು ಬಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಉಳಿದುಕೊಂಡ ಸಂಗತಿ ಫಿಲಿಪ್ಪಿಯವರ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಕೊಡುವ ಕೊಳ್ಳುವ ವಿಷಯದಲ್ಲಿ ತನ್ನ ಜೊತೆ ಪಾಲುಗೊಂಡ ಸಭೆ ಅದೊಂದೇ ಎಂದು ಪೌಲ ಬರೆಯುತ್ತಾನೆ. ಉಳಿದ ಕಡೆ ಬರೀ ಕೊಟ್ಟಿದ್ದ, ಇಲ್ಲಿ ಪಡೆದ. ಪಡೆದದ್ದರಿಂದ ಅವನು ಚಿಕ್ಕವನಾಗಲಿಲ್ಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಂತೂ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ತನ್ನ ಮೇಲಂಗಿಯನ್ನು ತರಬೇಕೆಂದೂ ಚಳಿಗಾಲ ಹಿಡಿಯುವ ಮುಂಚೆ ಬರಬೇಕೆಂದೂ ಕೇಳಿಕೊಂಡಿದ್ದಾನೆ. ಲೋಕಕ್ಕೆಲ್ಲ ಸುವಾರ್ತೆ ಸಾರಿದ ಅಪೊಸ್ತಲನಿಗೂ ಚಳಿಯಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಿರಲಿಲ್ಲ.

ಹಾಗಾಗಿ ಈ ಕೂಟದಲ್ಲಿ ಕಳಿಸುವವರೆಲ್ಲ ಪಡೆಯಲೂ ಬೇಕು. "ನಾನು ಕಳಿಸ್ತೀನಿ, ನನಗೆ ಮಾತ್ರ ಬೇಡ" ಎನ್ನುವವರ ಹೆಸರನ್ನು ಚೀಟಿಯಿಂದ ತೆಗೆಯಬೇಡಿ, ಇನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ. ನೂಲು ಬಂದರೆ ಅದು ಬಂದು ಸುಮ್ಮನೆ ಕೂರುವುದಿಲ್ಲ, ಕೆಲಸ ಹೊತ್ತು ಬರುತ್ತದೆ. ಸಿದ್ಧ ಸ್ವೆಟರ್ ಪಡೆದವರು ತೊಟ್ಟುಕೊಂಡರೆ ಮುಗಿಯಿತು. ನೂಲು ಪಡೆದವರು ಅದೇ ಸಂಜೆ ಕಡ್ಡಿ ಹುಡುಕಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ ಮನೆ ಬಣಗುಡುವ ಅಜ್ಜಿಯರಿಗೆ "ನಿಮ್ಮ ಕೈಯಿಂದ ಇದು ಆಗಬೇಕು" ಎಂದು ಯಾರಾದರೂ ಕೇಳಿದ್ದು ಯಾವಾಗ?

ಉಲ್ಲನ್ ಕೊಳ್ಳುವ ಶಕ್ತಿಯಿಲ್ಲದವರು ಹಿಂದೆ ಉಳಿಯಬಾರದು. ಮನೆಯಲ್ಲಿ ಮಕ್ಕಳಿಗೆ ಚಿಕ್ಕದಾದ ಸ್ವೆಟರ್ ಇದ್ದೇ ಇರುತ್ತದೆ. ಪಕ್ಕದ ಜೋಡಣೆ ಬಿಚ್ಚಿ, ಹೆಣೆದು ಮುಗಿಸಿದ ಅಂಚಿನಿಂದ ಎಳೆ ಎಳೆಯಿರಿ. ಶುರು ಮಾಡಿದ ಕಡೆಯಿಂದ ಅದು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಬಂದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ಸೋಪುನೀರಲ್ಲಿ ನೆನೆಸಿ ಜಾಲಿಸಿ. ನೆರಳಲ್ಲಿ ನೇತುಹಾಕಿ ಕೆಳಗೆ ಸಣ್ಣ ಭಾರ ಕಟ್ಟಿದರೆ ಒಣಗುವ ಹೊತ್ತಿಗೆ ಗುಂಗುರು ಬಿಟ್ಟುಕೊಂಡು ಎಳೆ ನೆಟ್ಟಗಾಗುತ್ತದೆ. ಇಂಥ ನೂಲನ್ನು ಎರಡನೇ ದರ್ಜೆಯದೆಂದು ಯಾರೂ ಮೂಗು ಮುರಿಯಬೇಡಿ. ಇನ್ನೊಂದು ಕಡೆ, ಅಟ್ಟದ ಮೇಲೆ ನುಸಿ ಹಿಡಿದು ಯಾರಿಗೂ ಬೇಡವಾದದ್ದನ್ನು ಖಾಲಿ ಮಾಡುವ ಸಂದರ್ಭ ಇದಲ್ಲ. ನಮಗೆ ಬೇಡದ್ದನ್ನು ಕಳಿಸುವುದಕ್ಕೂ ನಮ್ಮಲ್ಲಿರುವುದನ್ನು ಕಳಿಸುವುದಕ್ಕೂ ಇರುವ ಅಂತರ ಪಾರ್ಸೆಲ್ ಬಿಚ್ಚಿದವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಯಾರ ಪಾರ್ಸೆಲ್ ದೊಡ್ಡದು ಎಂಬ ಪೈಪೋಟಿಯೂ ಬೇಡ. ಮೋಶೆಯ ಕಾಲದಲ್ಲಿ ಕಾಣಿಕೆ ಹೆಚ್ಚಾದಾಗ ಇನ್ನು ಸಾಕು, ತರಬೇಡಿ ಎಂದು ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು.

ಯೊಪ್ಪದ ದೊರ್ಕಳು ತೀರಿಕೊಂಡಾಗ ವಿಧವೆಯರು ಪೇತ್ರನ ಸುತ್ತ ನಿಂತು ಅವಳು ಮಾಡಿಕೊಟ್ಟ ಅಂಗಿಗಳನ್ನು ತೋರಿಸುತ್ತ ಅತ್ತದ್ದು ನಿಮಗೆಲ್ಲ ಗೊತ್ತಿರುವ ಕಥೆ. ಅದು ಒಬ್ಬಳ ಕೈಯ ಕೆಲಸ. ಅನೇಕರ ಕೈ ಸೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಲದಲ್ಲೇ ಚೆನ್ನೈ ಕಂಡಿದೆ. 2016ರ ಜನವರಿ 31ರಂದು ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಕೂಟದ ಹೆಂಗಸರು ಕ್ರೋಶೆ ಕಡ್ಡಿಯಲ್ಲಿ ಹೆಣೆದ ಚೌಕಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿದರು. ಅದು ಗಿನ್ನೆಸ್ ದಾಖಲೆಯಾಯಿತು. ದಾಖಲೆಗಿಂತ ನನಗೆ ಹಿಡಿಸಿದ್ದು ಆಮೇಲಿನದು: ಹೊದಿಕೆಯನ್ನು ಮತ್ತೆ ಬಿಡಿಸಿ, ಕಂಬಳಿಗಳನ್ನಾಗಿ ಇಲ್ಲದವರಿಗೆ ಹಂಚಿದರು.

ಕೆಲಸದ ವಿವರ ಇಷ್ಟು. ಚೀಟಿ ಎತ್ತುವುದು ಇಂದಿನ ಆರಾಧನೆ ಮುಗಿದ ಕೂಡಲೆ. ಕೂಸಿನ ಕುಲಾವಿಗೆ ಕಟ್ಟುವ ದಾರ ಇಡಬೇಡಿ, ಗುಂಡಿ ಹಚ್ಚಬೇಡಿ, ಒಳಗಡೆ ಉದ್ದ ಎಳೆ ಬಿಡಬೇಡಿ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಹಸುಗೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಅಲ್ಲಿಂದ ಬೇಗ ಹೋಗುತ್ತದೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ ಅವುಚಿಟ್ಟು ಸಾಕುವ ಕಾಂಗರೂ ಆರೈಕೆಯಲ್ಲೂ ಅದಕ್ಕೆ ಟೋಪಿ, ಕಾಲುಚೀಲ ತೊಡಿಸಿರುತ್ತಾರೆ. ಆದ್ದರಿಂದ ಕುಲಾವಿಗಳೇ ಹೆಚ್ಚು ಬೇಕು. ಗಂಡಸರು ಕೈಕಟ್ಟಿ ಕೂರುವಂತಿಲ್ಲ. ಪಾರ್ಸೆಲ್ಲಿಗೆ ಹಿಂದಿನ ಕಾಲದ ಹಾಗೆ ಬಿಳಿ ಬಟ್ಟೆ ಹೊಲಿದು ವಿಳಾಸ ಬರೆಯುವುದು, ಅಂಚೆ ಕಚೇರಿಗೆ ಹೊತ್ತೊಯ್ಯುವುದು ಅವರ ಪಾಲು. ಗುಡಾರ ಹೊಲಿದ ಪೌಲನೇ ಸೂಜಿ ಹಿಡಿದಿದ್ದಾನೆ.

ಪಾರ್ಸೆಲ್ ಬಂದವರು ಅದೇ ವಾರ ಕಳಿಸಿದವರಿಗೆ ಒಂದು ಕಾರ್ಡು ಬರೆಯಿರಿ. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲವೇ ಎನ್ನಬೇಡಿ. ಫಿಲಿಪ್ಪಿಯವರ ಪಾರ್ಸೆಲ್ಲಿನಲ್ಲಿ ಏನೇನಿತ್ತು ಎಂಬುದು ಇಂದು ಯಾರಿಗೂ ತಿಳಿಯದು, ಅದು ತಲುಪಿತೆಂದು ಪೌಲ ಬರೆದ ಕಾಗದವನ್ನೇ ನಾವು ಈ ಬೆಳಿಗ್ಗೆ ಎದ್ದು ನಿಂತು ಓದಿದ್ದು. ನೂಲು ಯಾವ ಬಣ್ಣದ್ದು, ಅದರಿಂದ ಏನು ಹೆಣೆಯಲು ಶುರು ಮಾಡಿದ್ದೀರಿ, ಎಲ್ಲಿಯವರೆಗೆ ಬಂದಿದೆ, ಅಷ್ಟು ಬರೆದರೆ ಸಾಕು. ಅಕ್ಷರ ಬಾರದ ಅಜ್ಜಿಯರಿಗೆ ಭಾನುವಾರ ಶಾಲೆಯ ಮಕ್ಕಳು ಬರೆದುಕೊಡುತ್ತಾರೆ, ನಾನು ಅವರಿಗೆ ಹೇಳಿದ್ದೇನೆ.